ಪುಟವನ್ನು ತಿದ್ದಿದ ಗುರು

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಹಲವು ವರ್ಷಗಳ ಹಿಂದೆ ನನ್ನ ಕೈಗೊಂದು ವಿಲಕ್ಷಣವಾದ ಪುಸ್ತಕ ಬಂದಿತು. ರಟ್ಟು ಕಿತ್ತುಹೋಗಿದ್ದಿತು, ಕೊನೆಯ ಹಾಳೆಗಳನ್ನು ಗೆದ್ದಲು ಮುಟ್ಟಿ ಬಿಟ್ಟಿತ್ತು. ತೆರೆದ ಪುಟದ ಮೇಲ್ಭಾಗದಲ್ಲಿ ಕ್ಷೌರದಂಗಡಿಯ ಒರಟಾದ ಒಂದು ಚಿತ್ರ. ಚಿತ್ರದೊಳಗೆ ಅಲ್ಲಲ್ಲಿ ಸಣ್ಣ ಸಣ್ಣ ಅಂಕಿಗಳು. ಅದರ ಕೆಳಗೆ ಎರಡು ಅಂಕಣಗಳು: ಎಡಕ್ಕೆ ಇಂಗ್ಲಿಷ್, ಬಲಕ್ಕೆ ಲ್ಯಾಟಿನ್. ಕ್ಷೌರಿಕನೆಂಬ ಮಾತಿನ ಪಕ್ಕದಲ್ಲಿ ಒಂದು, ಅಂಗಡಿಯೆಂಬ ಮಾತಿನ ಪಕ್ಕದಲ್ಲಿ ಎರಡು, ಕತ್ತರಿಯ ಪಕ್ಕದಲ್ಲಿ ಮೂರು. ಅದೇ ಅಂಕಿಗಳು ಬಲಗಡೆಯ ಅಂಕಣದಲ್ಲಿಯೂ ಇದ್ದುವು. ಮೇಲಿನ ಚಿತ್ರದಲ್ಲಿಯೂ ಇದ್ದುವು. ನನಗೆ ಲ್ಯಾಟಿನ್ ಬಾರದು. ಆದರೂ ಅಂಗಡಿಯವನೊಡನೆ ಚೌಕಾಸಿ ಮುಗಿಯುವಷ್ಟರಲ್ಲಿ ಮೂರು ನಾಲ್ಕು ಲ್ಯಾಟಿನ್ ಪದಗಳು ನನಗರಿವಿಲ್ಲದೆಯೇ ತಲೆಯೊಳಗೆ ಬಂದು ಕುಳಿತಿದ್ದುವು.

ಅದು ಮುನ್ನೂರೈವತ್ತು ವರ್ಷಗಳಿಗೂ ಹಳೆಯದಾದ ಪಠ್ಯಪುಸ್ತಕ. ಅದರ ಇಂಗ್ಲಿಷ್ ರೂಪವನ್ನು ೧೮೮೭ರಲ್ಲಿ ಅಮೆರಿಕದ ಸಿರಕ್ಯೂಸಿನಲ್ಲಿ ಬಾರ್ಡೀನ್ ಎಂಬಾತ ಮರಳಿ ಅಚ್ಚುಮಾಡಿಸಿದ. ನನಗೆ ದೊರೆತದ್ದು ಅದರ ಮರುಮುದ್ರಣ. ಮೂಲ ಕರ್ತೃ ಯಾನ್ ಆಮೋಸ್ ಕೊಮೆನ್‌ಸ್ಕಿ. ಲೋಕಕ್ಕೆ ಪರಿಚಿತವಾದ ಲ್ಯಾಟಿನ್ ಹೆಸರಿನಲ್ಲಿ ಕೊಮೆನಿಯಸ್. ಉಪಾಧ್ಯಾಯರ ತರಬೇತಿ ಕಾಲೇಜಿನಲ್ಲಿ ಆತನ ಹೆಸರನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದುಂಟು. ಪ್ರಶ್ನೆಪತ್ರಿಕೆಯಲ್ಲಿ ಐದು ಅಂಕ ತಂದುಕೊಟ್ಟ ಹೆಸರದು. ಅದಕ್ಕಿಂತ ಹೆಚ್ಚಿನ ಗೌರವವನ್ನು ಆಗ ನಾನು ಸಲ್ಲಿಸಿರಲಿಲ್ಲ.

ಆ ಪುಟವನ್ನು ನೋಡುತ್ತ ನಿಂತಾಗ ನನಗೆ ನೆನಪಾದವನು ಒಬ್ಬ ಹುಡುಗ. ಉದ್ಯೋಗದ ಮೊದಲ ವರ್ಷಗಳಲ್ಲಿ ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ನಮಗೆ ಗೊತ್ತುಮಾಡಿದ್ದ ಪಠ್ಯ ಅಗ್ಗದ ಕಾಗದದ ಮೇಲೆ, ಸಣ್ಣ ಮೊಳೆಗಳಲ್ಲಿ, ಅಂಚಿನಿಂದ ಅಂಚಿಗೆ ಒತ್ತಿ ಅಚ್ಚು ಹಾಕಿದ್ದು. ಒಂದು ದಿನ ಪಾಠ ನಡೆದಿದ್ದಾಗ ಈ ಹುಡುಗ ಎದ್ದು ನಿಂತು, ಗೆದರ್ ಎಂದರೇನು ಎಂದು ಕೇಳಿದ. ನಿಘಂಟಿನಲ್ಲಿ ಗ್ಯಾದರ್ ಇದೆ, ಗೆದರ್ ಇಲ್ಲ ಎಂದೂ ಸೇರಿಸಿದ. ನೋಡಿದರೆ, ಸಾಲಿನ ತುದಿಯಲ್ಲಿ ಜಾಗ ಸಾಲದೆ ಟುಗೆದರ್ ಎಂಬ ಪದವನ್ನು ಮುದ್ರಕರು ಮುರಿದಿದ್ದರು. ಟು ಎಂಬುದು ಒಂದು ಸಣ್ಣ ಅಡ್ಡಗೆರೆಯೊಡನೆ ಮೇಲಿನ ಸಾಲಿನಲ್ಲಿ ಉಳಿದು, ಗೆದರ್ ಎಂಬುದು ಕೆಳಗಿನ ಸಾಲಿಗೆ ಇಳಿದಿತ್ತು. ತರಗತಿ ನಕ್ಕಿತು. ನಾನೂ ನಕ್ಕೆ. ಅಂದಿನಿಂದ ಆತ ಪ್ರಶ್ನೆ ಕೇಳಲಿಲ್ಲ. ಮಂದನೆಂದು ನಾನು ತೀರ್ಮಾನಿಸಿದೆ. ಆ ವರ್ಷದ ಕೊನೆಗೆ ಇಂಗ್ಲಿಷೊಂದರಲ್ಲಿ ತಪ್ಪಿ, ಶಾಲೆ ಬಿಟ್ಟು, ಅಪ್ಪನೊಡನೆ ಅಡಕೆ ಕೊಯ್ಲಿಗೆ ಹೋದ.

ಅವನು ಮಂದನಾಗಿರಲಿಲ್ಲವೆಂಬುದು ಈಗ ನನಗೆ ಸ್ಪಷ್ಟವಾಗಿದೆ. ನಿಘಂಟನ್ನು ತೆರೆದು ಎರಡು ಪದಗಳ ಅಂತರವನ್ನು ಗುರುತಿಸಿದವನು ಮಂದನಾಗಲು ಹೇಗೆ ಸಾಧ್ಯ? ನಮ್ಮ ಕನ್ನಡದ ಹಳೆಯ ಅಚ್ಚಿನಲ್ಲಿಯೂ ಪದಗಳನ್ನು ಸಾಲಿನ ತುದಿಯಲ್ಲಿ ಯಾವ ಅಕ್ಷರದ ಬಳಿಯಾದರೂ ಮುರಿಯುತ್ತಿದ್ದರು, ಎಷ್ಟೋ ಸಲ ಗೆರೆಯನ್ನೂ ಹಾಕದೆ. ನಮ್ಮ ಮಕ್ಕಳು ಎಡವುತ್ತಿರಲಿಲ್ಲ. ಏಕೆಂದರೆ ಮುರಿದ ಮಾತನ್ನು ಕಣ್ಣು ಕಾಣುವ ಮೊದಲೇ ಕಿವಿ ಹೊಲಿದುಬಿಡುತ್ತದೆ. ಅನ್ಯಭಾಷೆಯಲ್ಲಿ ಆ ಕಿವಿ ಇನ್ನೂ ಹುಟ್ಟಿರುವುದಿಲ್ಲ. ಅಲ್ಲಿ ವಿದ್ಯಾರ್ಥಿಗೆ ಇರುವುದೆಲ್ಲ ಕಣ್ಣು ಮಾತ್ರ. ಆ ಕಣ್ಣಿಗೆ ಪುಟ ಏನನ್ನು ತೋರಿಸುತ್ತದೆಯೋ ಅದೇ ಭಾಷೆ. ಈ ಸಂಗತಿಯನ್ನು ಹದಿನೇಳನೆಯ ಶತಮಾನದಲ್ಲಿಯೇ ಕಂಡುಕೊಂಡು, ಹುಡುಗನನ್ನು ಬಡಿಯುವ ಬದಲು ಪುಟವನ್ನು ತಿದ್ದಲು ಕುಳಿತವನು ಕೊಮೆನಿಯಸ್. ಆತನ ಬಾಳನ್ನು ಅಂದಿನಿಂದ ನಾನು ಬೇರೆ ಕಣ್ಣಿನಿಂದ ಓದತೊಡಗಿದೆ.

ಆತ ಹುಟ್ಟಿದ್ದು ೧೫೯೨ರ ಮಾರ್ಚ್ ೨೮ರಂದು, ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಮೊರೇವಿಯ ಪ್ರಾಂತದಲ್ಲಿ. ಮನೆತನದವರು ಬೊಹೀಮಿಯದ ಸಹೋದರರೆಂಬ ಸಣ್ಣ ಪ್ರಾಟೆಸ್ಟಂಟ್ ಪಂಥಕ್ಕೆ ಸೇರಿದವರು. ಹನ್ನೆರಡು ತುಂಬುವಷ್ಟರಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಅನಾಥ ಬಾಲಕನ ಆಸ್ತಿಯ ಮೇಲೆ ಕಣ್ಣಿದ್ದವರು ಬಹಳ. ಓದಿನ ಮೇಲೆ ಕಣ್ಣಿದ್ದವರು ಇರಲಿಲ್ಲ. ಪ್ರೆರೊವ್ ಎಂಬ ಊರಿನ ಲ್ಯಾಟಿನ್ ಶಾಲೆಗೆ ಆತ ಸೇರಿದಾಗ ವಯಸ್ಸು ಹದಿನಾರು. ಮಿಕ್ಕ ಹುಡುಗರು ಎಂಟು ಹತ್ತರ ವಯಸ್ಸಿನಲ್ಲಿ ಬಾಯಿಪಾಠ ಮಾಡುವುದನ್ನು ಮೀಸೆ ಮೂಡುವ ಕಾಲದಲ್ಲಿ ಈತ ಹಿಡಿದ. ಇದು ದುರದೃಷ್ಟವೆಂದು ಆಗ ತೋರಿರಬೇಕು. ಆದರೆ ಎಳೆಯ ಮಗು ತನ್ನ ನೋವಿಗೆ ಕಾರಣ ತಾನೇ ಎಂದುಕೊಳ್ಳುತ್ತದೆ. ಹದಿನಾರರ ಹುಡುಗ ಪುಸ್ತಕದ ಕಡೆಗೂ ಗುರುವಿನ ಕಡೆಗೂ ಒಮ್ಮೆ ಸಂಶಯದಿಂದ ನೋಡಬಲ್ಲ. ಆಗಿನ ಐರೋಪ್ಯ ವಿದ್ಯಾರ್ಥಿಗೆ ಲ್ಯಾಟಿನ್ ಎಂದರೆ ನಮ್ಮವರಿಗೆ ಇಂಗ್ಲಿಷ್ ಇದ್ದಂತೆ: ಅದಿಲ್ಲದೆ ವೈದ್ಯನಾಗುವಂತಿಲ್ಲ, ವಕೀಲನಾಗುವಂತಿಲ್ಲ, ಪಾದ್ರಿಯಾಗುವಂತಿಲ್ಲ. ಆ ಭಾಷೆಯ ವ್ಯಾಕರಣವನ್ನು ಬರೆದದ್ದಾದರೂ ಆ ಭಾಷೆಯಲ್ಲಿಯೇ. ಎಷ್ಟೋ ವೇಳೆ ಪದ್ಯದಲ್ಲಿ. ಬಾಗಿಲಿನ ಬೀಗದ ಕೈಯನ್ನು ಬಾಗಿಲೊಳಗೇ ಇಟ್ಟು ಬೀಗ ಹಾಕಿದಂತೆ.

ಪ್ರೆರೊವ್ ಮುಗಿಸಿ ಜರ್ಮನಿಯ ಹೆರ್ಬಾರ್ನ್, ಅನಂತರ ಹೈಡಲ್‌ಬರ್ಗ್ ವಿದ್ಯಾಪೀಠಗಳಲ್ಲಿ ದೇವತಾಶಾಸ್ತ್ರ ಓದಿದ. ೧೬೧೪ರಲ್ಲಿ ಹೈಡಲ್‌ಬರ್ಗಿನಲ್ಲಿದ್ದಾಗ ಖಗೋಳಜ್ಞ ಕೊಪರ್ನಿಕಸನ ಮಹಾಗ್ರಂಥದ ಹಸ್ತಪ್ರತಿಯನ್ನೇ ಈ ಬಡ ವಿದ್ಯಾರ್ಥಿ ಕೊಂಡುಕೊಂಡನೆಂಬುದು ಚರಿತ್ರೆಯ ಒಂದು ಸೋಜಿಗ. ಅಲ್ಲಿಂದ ಊರಿಗೆ ಮರಳಿದ್ದು ಕಾಲ್ನಡಿಗೆಯಲ್ಲಿ. ತಾನು ಕಲಿತ ಪ್ರೆರೊವ್ ಶಾಲೆಯಲ್ಲಿಯೇ ಉಪಾಧ್ಯಾಯನಾದ. ತನ್ನನ್ನು ಕಾಡಿದ ಪುಸ್ತಕಗಳನ್ನು ಈಗ ಮೇಜಿನ ಇನ್ನೊಂದು ಕಡೆಯಿಂದ ನೋಡುವ ಸಂದರ್ಭ ಬಂದಿತು. ಹುಡುಗರಿಗಾಗಿ ಸುಲಭವಾದ ವ್ಯಾಕರಣ ಬರೆಯಲು ಆಗಲೇ ತೊಡಗಿದ್ದ.

ಮುಂದಿನ ಕಥೆ ದುಃಖದ್ದು. ೧೬೧೮ರಲ್ಲಿ ಫುಲ್ನೆಕ್ ಎಂಬ ಊರಿಗೆ ಪಾದ್ರಿಯಾಗಿ ಹೋದ, ಮದುವೆಯೂ ಆಯಿತು. ಅದೇ ವರ್ಷ ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡಿತು. ೧೬೨೦ರಲ್ಲಿ ಪ್ರಾಗಿನ ಬಳಿ ಶ್ವೇತಪರ್ವತದ ಕದನದಲ್ಲಿ ಚೆಕ್ ಪ್ರಾಟೆಸ್ಟಂಟರು ಸೋತರು. ಮರುವರ್ಷ ಫುಲ್ನೆಕ್ ಸೈನಿಕರ ಸುಲಿಗೆಗೆ ಸಿಕ್ಕಿತು. ಕೊಮೆನಿಯಸ್ ತಲೆಮರೆಸಿಕೊಂಡು ಅಲೆದ. ೧೬೨೨ರಲ್ಲಿ ಪ್ಲೇಗಿಗೆ ಹೆಂಡತಿಯೂ ಇಬ್ಬರು ಎಳೆಯ ಮಕ್ಕಳೂ ಬಲಿಯಾದರು. ಅದರ ಮುಂದಿನ ವರ್ಷ ಆತನ ಪುಸ್ತಕಗಳನ್ನು ಊರ ಚೌಕದಲ್ಲಿ ರಾಶಿ ಹಾಕಿ ಸುಟ್ಟರು. ಮೂವತ್ತೊಂದರ ವಯಸ್ಸಿನಲ್ಲಿ ಮನೆಯಿಲ್ಲ, ಮಡದಿಮಕ್ಕಳಿಲ್ಲ, ಪುಸ್ತಕವಿಲ್ಲ. ೧೬೨೮ರಲ್ಲಿ ತನ್ನ ಪಂಥದವರೊಡನೆ ಗಡಿ ದಾಟಿ ಪೋಲೆಂಡಿನ ಲೆಷ್ನೊ ಪಟ್ಟಣ ಸೇರಿದವನು ಬದುಕಿರುವವರೆಗೆ ಸ್ವದೇಶಕ್ಕೆ ಮರಳಲಿಲ್ಲ.

ಲೆಷ್ನೊ ನಗರದಲ್ಲಿ ಮತ್ತೆ ಮೇಷ್ಟ್ರಾದ. ದೇಶಭ್ರಷ್ಟರ ಮಕ್ಕಳಿಗೆ ಪಾಠ ಹೇಳುತ್ತ ೧೬೩೧ರಲ್ಲಿ ಒಂದು ಪುಸ್ತಕ ಹೊರತಂದ. ಅದರ ಹೆಸರಿನ ಅರ್ಥ, ತೆರೆದ ಭಾಷಾದ್ವಾರ ಎಂದು. ಭಾಷಾದ್ವಾರವೆಂಬ ಹೆಸರು ಹೊಸತಲ್ಲ. ಸ್ಪೇನಿನ ಸಲಮಾಂಕದಲ್ಲಿದ್ದ ಐರಿಷ್ ಜೆಸುಯಿಟ್ ವಿಲಿಯಂ ಬೇತ್ ೧೬೧೧ರಲ್ಲಿಯೇ ಆ ಹೆಸರಿನ ಪುಸ್ತಕವನ್ನು ಪ್ರಕಟಿಸಿದ್ದ. ಕೊಮೆನಿಯಸನದು ಹೊಸ ಅಡಕ: ಒಂದು ಸಾವಿರ ವಾಕ್ಯಗಳು, ನೂರು ಅಧ್ಯಾಯಗಳು, ಸುಮಾರು ಎಂಟು ಸಾವಿರ ಪದಗಳು. ಮೊದಲ ವಾಕ್ಯಗಳು ಗಿಡ್ಡ, ಸರಳ. ಬರಬರುತ್ತ ಉದ್ದ, ಜಟಿಲ. ಸೃಷ್ಟಿಯಿಂದ ತೊಡಗಿ ಬೆಂಕಿ, ನೀರು, ಕಲ್ಲು, ಗಿಡ, ಪ್ರಾಣಿ, ಮನುಷ್ಯನ ದೇಹ, ಕಸುಬುಗಳು ಎಂದು ಲೋಕವೆಲ್ಲ ಕ್ರಮವಾಗಿ ಬರುತ್ತದೆ. ಪುಸ್ತಕ ಯೂರೋಪನ್ನೇ ಗೆದ್ದಿತು. ಕೆಲವೇ ವರ್ಷಗಳಲ್ಲಿ ಹತ್ತಕ್ಕೂ ಮಿಗಿಲಾದ ಭಾಷೆಗಳಿಗೆ ಇಳಿಯಿತು; ಲ್ಯಾಟಿನ್ನಿನ ಪಕ್ಕದಲ್ಲಿ ಆಯಾ ದೇಶಭಾಷೆಯನ್ನು ನಿಲ್ಲಿಸಿ, ವಾಕ್ಯಕ್ಕೆ ವಾಕ್ಯ ಎದುರಾಗುವಂತೆ, ಒಂದೇ ಕ್ರಮಾಂಕದಿಂದ ಎರಡನ್ನೂ ಕಟ್ಟಿ ಅಚ್ಚು ಹಾಕಿದರು. ತಪ್ಪಿಸಿಕೊಂಡ ವಿದ್ಯಾರ್ಥಿ ಕ್ರಮಾಂಕ ಹಿಡಿದು ಮತ್ತೆ ತನ್ನ ಜಾಗಕ್ಕೆ ಬರಬಹುದು. ನಮ್ಮ ಪ್ರತಿಪದಾರ್ಥದ ಪುಸ್ತಕಗಳನ್ನು ಬಳಸಿದವರಿಗೆ ಇದರ ಬೆಲೆ ತಿಳಿದಿರುತ್ತದೆ.

ಆದರೆ ಇಲ್ಲಿಯೂ ಒಂದು ದೋಷ ಉಳಿದಿತ್ತು. ಎಂಟು ಸಾವಿರ ಪದಗಳನ್ನು ಸಾವಿರ ವಾಕ್ಯಗಳಲ್ಲಿ ತುಂಬುವ ಹಟದಿಂದ ಒಂದೊಂದು ಪದವನ್ನೂ ಬಹುಮಟ್ಟಿಗೆ ಒಂದೇ ಬಾರಿ ಬಳಸಿದ್ದ. ಒಮ್ಮೆ ಕಂಡವನು ಮತ್ತೆ ಎದುರಾಗದಿದ್ದರೆ ಪರಿಚಯ ಬೆಳೆಯುವುದೆಂತು? ಒಂದೊಂದು ವಾಕ್ಯವೂ ಸಂತೆಯ ದಿನದ ಬಸ್ಸಿನಂತೆ ಕಿಕ್ಕಿರಿದಿತ್ತು. ೧೬೩೩ರಲ್ಲಿ ಅದಕ್ಕೆ ಪೀಠಿಕೆಯಾಗಿ ಭಾಷಾಪ್ರಾಂಗಣವೆಂಬ ಇನ್ನೂ ಸಣ್ಣ ಪುಸ್ತಕ ಬರೆದ. ಬಾಗಿಲು ಎತ್ತರದಲ್ಲಿದೆಯೆಂದು ತಿಳಿದು ಮೆಟ್ಟಿಲು ಕಟ್ಟಿದಂತಾಯಿತು; ಆ ಮೆಟ್ಟಿಲೂ ಎತ್ತರವೇ ಆಯಿತೆಂಬುದು ಆಮೇಲೆ ತಿಳಿಯಿತು. ತನ್ನ ಕೀರ್ತಿಗೆ ಕಾರಣವಾದ ಪುಸ್ತಕದಲ್ಲಿಯೇ ಕೊರತೆ ಕಾಣುವ ಗುಣ ಲೇಖಕರಲ್ಲಿ ವಿರಳ. ಆತನಲ್ಲಿ ಅದು ಕೊನೆಯವರೆಗೂ ಇದ್ದಿತು.

ಅದೇ ಕಾಲದಲ್ಲಿ ಮಹಾಶಿಕ್ಷಣತತ್ತ್ವವೆಂಬ ದೊಡ್ಡ ಗ್ರಂಥವನ್ನು ಚೆಕ್ ಭಾಷೆಯಲ್ಲಿ ಬರೆದ. ಅದರ ಲ್ಯಾಟಿನ್ ರೂಪ ಅಚ್ಚಾದದ್ದು ೧೬೫೭ರಲ್ಲಿ. ಅದರ ದೊಡ್ಡ ಮಾತುಗಳನ್ನು ಎಲ್ಲರೂ ಬಲ್ಲರು: ಗಂಡು ಹೆಣ್ಣು, ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಶಾಲೆ, ಮೊದಲು ತಾಯ್ನುಡಿ, ಆಮೇಲೆ ಪರಭಾಷೆ, ಮೊದಲು ವಸ್ತು, ಆಮೇಲೆ ಹೆಸರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಒಂದು ಸಣ್ಣ ಸಲಹೆ. ತರಗತಿಯ ಎಲ್ಲರ ಕೈಯಲ್ಲಿಯೂ ಪುಸ್ತಕದ ಒಂದೇ ಮುದ್ರಣವಿರಬೇಕು. ಪುಟಕ್ಕೆ ಪುಟ, ಸಾಲಿಗೆ ಸಾಲು ಸಮನಾಗಿರಬೇಕು. ಹುಡುಕಲು ಅನುಕೂಲವೆಂದು ಮಾತ್ರವಲ್ಲ, ಸ್ಥಾನವನ್ನು ಹಿಡಿದು ನೆನಪು ನಿಲ್ಲುತ್ತದೆಂದು. ಇದು ಎಷ್ಟು ನಿಜ! ನಾನು ಬಾಲ್ಯದಲ್ಲಿ ಕಲಿತ ಒಂದು ಇಂಗ್ಲಿಷ್ ಪದ್ಯ ಇಂದಿಗೂ ಬಲಪುಟದ ಮೇಲ್ಭಾಗದಲ್ಲಿ, ಒಂದು ಶಾಯಿಯ ಕಲೆಯ ಪಕ್ಕದಲ್ಲಿಯೇ ಇದೆ. ಅದನ್ನು ಬೇರೆ ಪುಸ್ತಕದಲ್ಲಿ ಎಡಪುಟದಲ್ಲಿ ಕಂಡಾಗ ಬೇರೆ ಮನೆಗೆ ಹೋದ ನೆಂಟನನ್ನು ಕಂಡಂತಾಯಿತು. ಪಾಠದ ಸಾರಾಂಶವನ್ನೂ ಚಿತ್ರಗಳನ್ನೂ ತರಗತಿಯ ಗೋಡೆಗಳ ಮೇಲೆಯೇ ಬರೆಸಬೇಕೆಂದೂ ಆತ ಹೇಳಿದ್ದಾನೆ. ಹುಡುಗರ ಕಣ್ಣು ಹೇಗಿದ್ದರೂ ಪುಸ್ತಕ ಬಿಟ್ಟು ಗೋಡೆಗೆ ಹೋಗುತ್ತದೆಂಬುದನ್ನು ಬಲ್ಲ ಮೇಷ್ಟ್ರು.

ಕೀರ್ತಿ ಆತನನ್ನು ದೇಶದೇಶಗಳಿಗೆ ಎಳೆಯಿತು. ೧೬೪೧ರಲ್ಲಿ ಲಂಡನ್ನಿಗೆ ಹೋದ. ಸಕಲ ವಿದ್ಯೆಗಳನ್ನೂ ಒಂದುಗೂಡಿಸುವ ಮಹಾವಿದ್ಯಾಲಯದ ಕನಸು ಅಲ್ಲಿ ಚಿಗುರುವಷ್ಟರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಜಗಳ ಹತ್ತಿತು. ಹಾಲೆಂಡಿನಲ್ಲಿ ಡೇಕಾರ್ಟನನ್ನು ಕಂಡು ಮಾತನಾಡಿ ಸ್ವೀಡನ್ನಿಗೆ ಹೋದ. ಅಲ್ಲಿಯವರಿಗೆ ಬೇಕಾಗಿದ್ದುದು ತತ್ತ್ವವಲ್ಲ, ಶಾಲೆಯ ಪುಸ್ತಕ. ಆರು ವರ್ಷ ಎಲ್ಬಿಂಗ್ ಎಂಬ ಬಂದರಿನಲ್ಲಿ ಕುಳಿತು ಅದನ್ನೇ ಮಾಡಿದ. ೧೬೪೮ರಲ್ಲಿ ಯುದ್ಧ ಮುಗಿದು ಒಪ್ಪಂದವಾದಾಗ ಚೆಕ್ ಪ್ರಾಟೆಸ್ಟಂಟರಿಗೆ ಮಾತ್ರ ಹಿಂತಿರುಗುವ ದಾರಿ ತೆರೆಯಲಿಲ್ಲ. ಅದೇ ವರ್ಷ ತನ್ನ ಪಂಥದ ಬಿಷಪ್ಪನಾದ, ಊರಿಲ್ಲದ ಮಂದೆಗೆ ಕುರುಬನಾದಂತೆ.

೧೬೫೦ರಲ್ಲಿ ಹಂಗರಿಯ ಶಾರೊಷ್‌ಪಟಾಕ್ ಎಂಬ ಊರಿನಿಂದ ಕರೆ ಬಂದಿತು. ರಾಕೋತ್ಸಿ ರಾಜಮನೆತನದವರು ಅಲ್ಲಿ ಏಳು ತರಗತಿಗಳ ಮಾದರಿ ಶಾಲೆ ಕಟ್ಟುವ ಹೊಣೆಯನ್ನು ಆತನಿಗೆ ಒಪ್ಪಿಸಿದರು. ಏಳರಲ್ಲಿ ತೆರೆದದ್ದು ಮೂರು. ಉಪಾಧ್ಯಾಯರಿಗೆ ಹೊಸ ಪದ್ಧತಿಯಲ್ಲಿ ಆಸೆಯಿರಲಿಲ್ಲ. ಮಕ್ಕಳಿಗೆ ಭಾಷಾದ್ವಾರ ಎಟುಕುತ್ತಿರಲಿಲ್ಲ. ಆ ಪುಸ್ತಕವನ್ನೇ ಎಂಟು ನಾಟಕಗಳನ್ನಾಗಿ ಮಾಡಿ ಹುಡುಗರಿಂದ ಆಡಿಸಿದ. ಅದು ಊರಿಗೆಲ್ಲ ಮೆಚ್ಚಿಕೆಯಾಯಿತು. ಆದರೆ ರಂಗದಿಂದ ಇಳಿದ ಮೇಲೆ ಹುಡುಗನ ಕೈಯಲ್ಲಿ ಉಳಿಯುವುದು ಪುಸ್ತಕವೇ ತಾನೆ? ಹೆಸರನ್ನು ಓದುತ್ತಿರುವ ಕ್ಷಣದಲ್ಲಿಯೇ ವಸ್ತು ಕಣ್ಣೆದುರಿಗಿರಬೇಕು. ಎಲ್ಲ ವಸ್ತುಗಳನ್ನೂ ತರಗತಿಗೆ ತರಲಾಗದು. ಆದ್ದರಿಂದ ಅವುಗಳ ಚಿತ್ರವನ್ನು ಪುಟದೊಳಗೇ ತರಬೇಕು. ಹೀಗೆಂದು ನಿಶ್ಚಯಿಸಿ ಕೆಲವು ಪುಟಗಳ ಮಾದರಿ ತಯಾರಿಸಿದ. ಆದರೆ ಚಿತ್ರ ಕೆತ್ತುವ ಕುಶಲಿ ಆ ಊರಿನಲ್ಲಿರಲಿಲ್ಲ. ಹಸ್ತಪ್ರತಿ ನ್ಯೂರೆಂಬರ್ಗಿನ ಮುದ್ರಕ ಮಿಖಾಯೆಲ್ ಎಂಡ್ಟರನಿಗೆ ಹೋಯಿತು. ಮರದ ಹಲಗೆಗಳಲ್ಲಿ ಪಡಿಯಚ್ಚು ಕೆತ್ತಿ ಪುಸ್ತಕ ಹೊರಬೀಳಲು ೧೬೫೮ನೆಯ ಇಸವಿ ಬರಬೇಕಾಯಿತು. ಅದೇ ನನಗೆ ಅವೆನ್ಯೂ ರಸ್ತೆಯಲ್ಲಿ ಇಂಗ್ಲಿಷ್ ವೇಷದಲ್ಲಿ ದೊರೆತ ಪುಸ್ತಕ: ಆರ್ಬಿಸ್ ಪಿಕ್ಟಸ್, ಚಿತ್ರಿತ ಜಗತ್ತು.

ಅದರ ಪುಟವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಪಾಠಕ್ಕೆ ಒಂದು ಚಿತ್ರ; ಪಾಠಗಳು ಸುಮಾರು ನೂರೈವತ್ತು. ಚಿತ್ರದ ಕೆಳಗೆ ಲ್ಯಾಟಿನ್, ಪಕ್ಕದಲ್ಲಿ ಜರ್ಮನ್. ಅಂಕಣಗಳು ಕಿರಿದಾದ್ದರಿಂದ ಸಾಲುಗಳು ಗಿಡ್ಡ. ನಾಲ್ಕೈದು ಪದಗಳಿಗೆ ಕಣ್ಣು ಕೆಳಗಿಳಿಯುತ್ತದೆ, ದಾರಿ ತಪ್ಪುವುದಿಲ್ಲ. ಲ್ಯಾಟಿನ್ನಿಗೆ ದುಂಡಾದ ರೋಮನ್ ಮೊಳೆ, ಜರ್ಮನಿಗೆ ಅವರ ಮೂಲೆಮೂಲೆಯಾದ ಕಪ್ಪು ಮೊಳೆ. ಇದು ಆ ದೇಶದ ಅಚ್ಚುಕೂಟಗಳ ರೂಢಿ. ಆದರೆ ಮಗುವಿಗೆ ಅದೊಂದು ಉಪಕಾರವೇ ಆಯಿತು, ಓದುವ ಮೊದಲೇ ಯಾವುದು ತನ್ನ ನುಡಿ, ಯಾವುದು ಪರನುಡಿ ಎಂದು ತಿಳಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಉಪಾಯ ಆ ಅಂಕಿಗಳದು. ಎರಡು ಭಾಷೆಗಳನ್ನು ಸಾಲಿಗೆ ಸಾಲು ಎದುರಿಟ್ಟರೂ ಪದಗಳು ಒಂದರ ಎದುರಿಗೊಂದು ಬಂದು ನಿಲ್ಲುವುದಿಲ್ಲ. ಒಂದು ಭಾಷೆಯಲ್ಲಿ ಕ್ರಿಯಾಪದ ನಡುವೆ, ಇನ್ನೊಂದರಲ್ಲಿ ಕೊನೆಗೆ. ಕನ್ನಡ ಇಂಗ್ಲಿಷುಗಳನ್ನು ಹೀಗೆ ಎದುರುಬದುರು ಅಚ್ಚುಮಾಡಿದ ಪುಸ್ತಕಗಳಲ್ಲಿ ನಮ್ಮ ಹುಡುಗರು ಇಂಗ್ಲಿಷಿನ ಮೊದಲ ಪದಕ್ಕೆ ಕನ್ನಡದ ಮೊದಲ ಪದವೇ ಅರ್ಥವೆಂದು ಬರೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಕೊಮೆನಿಯಸನ ಪುಟದಲ್ಲಿ ಆ ಅಪಾಯ ಕಡಿಮೆ. ಕತ್ತರಿಯೆಂಬ ಪದ ವಾಕ್ಯದ ಯಾವ ಮೂಲೆಯಲ್ಲಿದ್ದರೂ ಅದರ ಬೆನ್ನಿಗೆ ಮೂರೆಂಬ ಅಂಕಿ ಉಂಟು. ಆ ಅಂಕಿ ಚಿತ್ರದಲ್ಲಿರುವ ಕತ್ತರಿಗೆ ಕರೆದೊಯ್ಯುತ್ತದೆ. ಪದದಿಂದ ಪದಕ್ಕೆ ನೇರ ದಾರಿಯಿಲ್ಲ. ಪದದಿಂದ ವಸ್ತುವಿಗೆ, ವಸ್ತುವಿನಿಂದ ಇನ್ನೊಂದು ಪದಕ್ಕೆ. ಹೀಗೆ ಎರಡು ಭಾಷೆಗಳ ನಡುವೆ ಲೋಕವನ್ನೇ ದುಭಾಷಿಯಾಗಿ ನಿಲ್ಲಿಸಿದ.

ಪುಸ್ತಕದ ಮೊದಲಲ್ಲಿ ಅಕ್ಷರಮಾಲೆಯೂ ಚಿತ್ರಗಳ ಮೂಲಕವೇ. ಕಾಗೆ ಕೂಗುತ್ತದೆ, ಕುರಿ ಅರಚುತ್ತದೆ, ಗಾಳಿ ಬೀಸುತ್ತದೆ; ಆಯಾ ದನಿಯೇ ಆಯಾ ಅಕ್ಷರ. ಕಾಣದ ವಸ್ತುವಿಗೂ ಆತ ಹೆದರಲಿಲ್ಲ. ಆತ್ಮವೆಂಬ ಪಾಠಕ್ಕೆ ಹರಡಿದ ಬಟ್ಟೆಯ ಮೇಲೆ ಬರಿಯ ಚುಕ್ಕೆಗಳಿಂದಾದ ಮನುಷ್ಯಾಕೃತಿಯನ್ನು ಬರೆಸಿದ್ದಾನೆ. ವೇದಾಂತಿಗಳು ಒಪ್ಪುವರೋ ಇಲ್ಲವೋ. ಮಗು ಮಾತ್ರ ಮರೆಯಲಾರದು. ಮುದ್ರಣದ ಪಾಠವೂ ಉಂಟು: ಮೊಳೆ ಜೋಡಿಸುವವನು ಗೂಡುಗಳಿಂದ ಒಂದೊಂದೇ ಅಕ್ಷರ ಹೆಕ್ಕಿ ಸಾಲು ಕಟ್ಟುತ್ತಾನೆ, ಸಾಲುಗಳಿಂದ ಪುಟ ಕಟ್ಟುತ್ತಾನೆ, ಮಸಿ ಹಚ್ಚಿ ಒತ್ತುತ್ತಾರೆ. ಪುಟವನ್ನು ಓದುತ್ತಿರುವ ಹುಡುಗನಿಗೆ ಪುಟ ಹುಟ್ಟುವ ಬಗೆಯನ್ನು ತೋರಿಸಿದ ಮೇಷ್ಟ್ರು ಎಷ್ಟು ಮಂದಿ? ನನ್ನ ಹುಡುಗನಿಗೆ ಅದನ್ನು ಯಾರಾದರೂ ತೋರಿಸಿದ್ದರೆ ಆ ಅಡ್ಡಗೆರೆಯ ಗುಟ್ಟು ಅವನಿಗೆ ತಾನಾಗಿ ತಿಳಿಯುತ್ತಿತ್ತು. ಇನ್ನು ಶಾಲೆಯ ಪಾಠ. ಅಲ್ಲಿ ಗಲಾಟೆ ಮಾಡುವವರಿಗೆ ಕೋಲು ಬೆತ್ತಗಳ ಶಿಕ್ಷೆಯೂ ತಪ್ಪದೆ ಬಂದಿದೆ. ಕೋಮಲಪದ್ಧತಿಯ ಆಚಾರ್ಯನ ಪುಸ್ತಕದಲ್ಲಿಯೂ ಬೆತ್ತ! ಆತ ಲೋಕವನ್ನು ಇದ್ದಂತೆ ಚಿತ್ರಿಸಿದನೆಂದು ನಾನು ಸಮಾಧಾನ ಹೇಳಿಕೊಂಡಿದ್ದೇನೆ.

ಈ ಪುಸ್ತಕ ಅಚ್ಚುಕೂಟದಲ್ಲಿದ್ದಾಗಲೇ ಆತನ ಬಾಳಿನ ಎರಡನೆಯ ಬೆಂಕಿ ಬಿದ್ದಿತು. ಹಂಗರಿಯಿಂದ ೧೬೫೪ರಲ್ಲಿ ಲೆಷ್ನೊ ಪಟ್ಟಣಕ್ಕೆ ಮರಳಿದ್ದ. ಮರುವರ್ಷ ಸ್ವೀಡನ್ನಿನ ದೊರೆ ಪೋಲೆಂಡಿನ ಮೇಲೆ ದಂಡೆತ್ತಿ ಬಂದಾಗ, ತನ್ನವರಿಗೆ ಬಿಡುಗಡೆ ದೊರೆತೀತೆಂಬ ಆಸೆಯಿಂದ ಆ ದೊರೆಯನ್ನು ಹೊಗಳಿ ಬರೆದ. ಅವಿವೇಕದ ಕೆಲಸ, ಆಶ್ರಯ ಕೊಟ್ಟ ನಾಡಿನವರಿಗೆ ಅದು ಹೇಗೆ ಕಂಡೀತೆಂದು ಯೋಚಿಸಲಿಲ್ಲ. ೧೬೫೬ರ ಏಪ್ರಿಲಿನಲ್ಲಿ ಪೋಲಿಷ್ ಪಡೆಗಳು ಲೆಷ್ನೊ ನಗರವನ್ನು ಸುಟ್ಟುವು. ಮನೆ, ಪುಸ್ತಕಗಳು, ಹಸ್ತಪ್ರತಿಗಳು ಹೋದುವು. ಹೆರ್ಬಾರ್ನಿನ ವಿದ್ಯಾರ್ಥಿದೆಸೆಯಿಂದ ನಲವತ್ತಕ್ಕೂ ಹೆಚ್ಚು ವರ್ಷ ಪದಕ್ಕೆ ಪದ ಕೂಡಿಸಿದ್ದ ಚೆಕ್ ಭಾಷೆಯ ಮಹಾಕೋಶ ಬೂದಿಯಾಯಿತು. ಆಗ ಆತನಿಗೆ ಅರವತ್ತನಾಲ್ಕು. ಕೋಶದ ಕೆಲಸವೆಂದರೇನೆಂದು ಬಲ್ಲವರು ಈ ಸಾಲಿನ ಬಳಿ ಒಂದು ಗಳಿಗೆ ನಿಲ್ಲುವರು. ಉಳಿದ ನಷ್ಟಗಳನ್ನು ಸಹಿಸಿದರೂ ಈ ನಷ್ಟದ ದುಃಖವನ್ನು ಆತ ಸಾಯುವವರೆಗೆ ಮರೆಯಲಿಲ್ಲ.

ಆಮ್‌ಸ್ಟರ್‌ಡ್ಯಾಮ್ ಆತನಿಗೆ ಕೊನೆಯ ಆಶ್ರಯ. ಡ ಗೇರ್ ಎಂಬ ಸಿರಿವಂತ ಮನೆತನ ನೆರವಾಯಿತು; ನಗರದವರು ಗೌರವಿಸಿ ೧೬೫೭ರಲ್ಲಿ ಆತನ ಶಿಕ್ಷಣಕೃತಿಗಳೆಲ್ಲದರ ದೊಡ್ಡ ಸಂಪುಟ ಹೊರಬರುವಂತೆ ಮಾಡಿದರು. ಅದೇ ವರ್ಷ ಕೆಲವರು ಭಾವುಕರ ಭವಿಷ್ಯವಾಣಿಗಳನ್ನು ನಂಬಿ ಪ್ರಕಟಿಸಿ, ಪಂಡಿತರ ನಗೆಗೂ ಈಡಾದ. ೧೬೭೦ರ ನವೆಂಬರ್ ೧೫ರಂದು ತೀರಿಕೊಂಡಾಗ ವಯಸ್ಸು ಎಪ್ಪತ್ತೆಂಟು. ನಾರ್ಡೆನ್ ಎಂಬ ಸಣ್ಣ ಊರಿನಲ್ಲಿ ಮಣ್ಣಾದ. ತನ್ನ ಪರಮಕೃತಿಯೆಂದು ತಿಳಿದಿದ್ದ ಲೋಕಸುಧಾರಣೆಯ ಮಹಾಗ್ರಂಥ ಅಪೂರ್ಣವಾಗಿ ಉಳಿದು, ಕಣ್ಮರೆಯಾಗಿ, ೧೯೩೫ರಲ್ಲಿ ಜರ್ಮನಿಯ ಹಾಲ್ಲೆ ನಗರದಲ್ಲಿ ಪತ್ತೆಯಾಯಿತು.

ಮಕ್ಕಳ ಪುಸ್ತಕ ಮಾತ್ರ ಯಾರಿಗೂ ಕಾಯಲಿಲ್ಲ. ೧೬೫೯ರಲ್ಲಿಯೇ ಲಂಡನ್ನಿನ ಮೇಷ್ಟ್ರು ಚಾರ್ಲ್ಸ್ ಹೂಲ್ ಅದನ್ನು ಇಂಗ್ಲಿಷಿಗೆ ತಂದ. ೧೬೬೬ರಲ್ಲಿ ನಾಲ್ಕು ಭಾಷೆಗಳ ಆವೃತ್ತಿ ಬಂದಿತು. ಮುಂದಿನ ಶತಮಾನದಲ್ಲಿ ಬಾಲಕ ಗಯಟೆಯ ಕೈಯಲ್ಲಿಯೂ ಅದಿದ್ದಿತು. ಆದರೆ ಅದನ್ನು ಅನುಕರಿಸಿದವರಲ್ಲಿ ಅನೇಕರು ಚಿತ್ರಗಳನ್ನು ಉಳಿಸಿಕೊಂಡು ಅಂಕಿಗಳನ್ನು ಬಿಟ್ಟುಬಿಟ್ಟರು. ಅಂಕಿಯಿಲ್ಲದ ಚಿತ್ರ ಪುಟಕ್ಕೆ ಅಲಂಕಾರವೇ ಹೊರತು ಪಾಠವಲ್ಲ. ಓದುವಾಗ ಕಣ್ಣು ಸಾಲಿನ ಉದ್ದಕ್ಕೂ ಹರಿಯುವುದಿಲ್ಲ, ನೆಗೆನೆಗೆದು ನಿಲ್ಲುತ್ತದೆಂದು ಪ್ಯಾರಿಸಿನ ನೇತ್ರವೈದ್ಯ ಜವಾಲನೂ ಸಂಗಡಿಗರೂ ತೋರಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಪರಭಾಷೆಯನ್ನು ಓದುವವನ ಕಣ್ಣು ಹೆಚ್ಚು ಬಾರಿ, ಹೆಚ್ಚು ಹೊತ್ತು ನಿಲ್ಲುತ್ತದೆಂಬುದೂ ಅನಂತರ ಗೊತ್ತಾಯಿತು. ಉದ್ದ ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಹಾರುವಾಗ ಅಂಥವನು ದಾರಿ ತಪ್ಪುವುದು ಸಹಜ. ಯಾವ ಯಂತ್ರವೂ ಇಲ್ಲದೆ, ಮಕ್ಕಳ ಮುಖ ನೋಡಿಯೇ ಕೊಮೆನಿಯಸ್ ಸಾಲನ್ನು ಗಿಡ್ಡ ಮಾಡಿದ.

ಆ ಪುಸ್ತಕ ಕೊಂಡ ಮೇಲೆ ನಾನು ನಿವೃತ್ತನಾಗಲು ಆರು ವರ್ಷಗಳಿದ್ದುವು. ಪಠ್ಯಪುಸ್ತಕವನ್ನು ಬದಲಿಸುವ ಅಧಿಕಾರ ನನಗಿರಲಿಲ್ಲ, ಕಪ್ಪುಹಲಗೆ ನನ್ನದಾಗಿತ್ತು. ಪಾಠದ ಕಷ್ಟದ ಭಾಗಗಳನ್ನು ಹಲಗೆಯ ಮೇಲೆ ಅರ್ಥಕ್ಕೆ ತಕ್ಕಂತೆ ಒಡೆದು, ಸಾಲಿಗೆ ನಾಲ್ಕೈದು ಪದಗಳಂತೆ ಬರೆಯತೊಡಗಿದೆ. ಕನ್ನಡವನ್ನು ಪಕ್ಕದಲ್ಲಿ ಬರೆದು, ಒಂದೇ ಅರ್ಥದ ಮಾತುಗಳಿಗೆ ಒಂದೇ ಅಂಕಿ ಕೊಟ್ಟೆ. ಬಣ್ಣದ ಸೀಮೆಸುಣ್ಣ ಸಿಕ್ಕ ದಿನ ಎರಡು ಬಣ್ಣ. ಹಿಂದಿನ ಬೆಂಚಿನ ಕೆಲವರು ಓದತೊಡಗಿದರು, ಕೆಲವರು
ಆಗಲೂ ಓದಲಿಲ್ಲ. ಸಹೋದ್ಯೋಗಿಗಳು ಹಲಗೆ ಒರಸಲು ಬೇಸರಪಟ್ಟರು. ಗೆದರ್ ಎಂಬ ತುಂಡು ಪದವನ್ನು ಪ್ರತಿ ವರ್ಷವೂ ಮೊದಲ ದಿನವೇ ಹಲಗೆಯ ಮೇಲೆ ಬರೆದು, ಇದೇನೆಂದು ಕೇಳುತ್ತಿದ್ದೆ.

ಚಿತ್ರಿತ ಜಗತ್ತಿನ ಮೊದಲ ಪುಟದಲ್ಲಿಯೂ ಕೊನೆಯ ಪುಟದಲ್ಲಿಯೂ ಇರುವುದು ಒಂದೇ ಚಿತ್ರ: ಒಬ್ಬ ಗುರು, ಅವನೆದುರಿಗೆ ಒಬ್ಬ ಹುಡುಗ. ಮೊದಲ ಪುಟದಲ್ಲಿ ಗುರು ಹುಡುಗನನ್ನು ಕಲಿಯಲು ಕರೆಯುತ್ತಾನೆ. ಕೊನೆಯ ಪುಟದಲ್ಲಿ, ಮುಖ್ಯವಾದುದನ್ನೆಲ್ಲ ನೋಡಿದೆಯಲ್ಲ, ಇನ್ನು ಬೇರೆ ಒಳ್ಳೆಯ ಪುಸ್ತಕಗಳನ್ನು ನೀನೇ ಓದಿಕೋ ಎಂಬರ್ಥದ ಮಾತು ಹೇಳಿ ಬೀಳ್ಕೊಡುತ್ತಾನೆ. ನನ್ನ ಪ್ರತಿಯಲ್ಲಿ ಆ ಹಾಳೆಯ ಅರ್ಧವನ್ನು ಗೆದ್ದಲು ತಿಂದಿದೆ. ಹುಡುಗನ ಭಾಗ ಉಳಿದಿದೆ.